ಜಗಳ ಬಿಡಿಸಲು ಹೋದವನ ಹಾಡು

1989ರ ಮಾರ್ಚ್ 11ರ ಸಂಚಿಕೆಯಲ್ಲಿ ಅಮೆರಿಕದ ಸಂಗೀತ ವ್ಯಾಪಾರದ ಪತ್ರಿಕೆ ‘ಬಿಲ್‌ಬೋರ್ಡ್’ ಹೊಸದೊಂದು ಪಟ್ಟಿ ಶುರುಮಾಡಿತು. ಯಾವ ರ‍್ಯಾಪ್ ಹಾಡು ಎಷ್ಟು ಮಾರಾಟವಾಗುತ್ತಿದೆ ಎಂದು ವಾರವಾರ ತೋರಿಸುವ ಪಟ್ಟಿ. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಬಂದಾಗ ಇದು ನಾಲ್ಕು ದಿನದ ಹುಚ್ಚು, ತಾನೇ ಇಳಿಯುತ್ತದೆ ಎಂದು ದೊಡ್ಡ ಕಂಪನಿಗಳು ಕೈಕಟ್ಟಿ ಕೂತಿದ್ದವು. ಹತ್ತು ವರ್ಷವಾದರೂ ಹುಚ್ಚು ಇಳಿಯಲಿಲ್ಲ. ಅದೇ ಫೆಬ್ರವರಿಯಲ್ಲಿ ಗ್ರ್ಯಾಮಿ ಸಮಿತಿ ಮೊದಲ ಬಾರಿಗೆ ರ‍್ಯಾಪ್‌ಗೊಂದು ಪ್ರಶಸ್ತಿ ಇಟ್ಟಿತ್ತು. ಆದರೆ ಅದನ್ನು ಕೊಡುವ ದೃಶ್ಯವನ್ನು ಟಿ.ವಿ.ಯಲ್ಲಿ ತೋರಿಸಲು ಒಪ್ಪಲಿಲ್ಲ. ಗೆದ್ದವರೂ ಸೇರಿ ಹಲವರು ಸಮಾರಂಭಕ್ಕೆ ಹೋಗಲಿಲ್ಲ. ಒಳಗೆ ಬಾ ಎನ್ನುತ್ತಾರೆ, ಕೂರಲು ಕುರ್ಚಿ ಕೊಡುವುದಿಲ್ಲ ಎಂಬಂಥ ಕಾಲ.

ಆ ಪಟ್ಟಿಯಲ್ಲಿ ಮೊಟ್ಟಮೊದಲ ವಾರ ಒಂದನೇ ಸ್ಥಾನದಲ್ಲಿ ಕೂತದ್ದು ಕುಣಿತದ ಹಾಡಲ್ಲ, ಪ್ರೇಮದ ಹಾಡಲ್ಲ, ರ‍್ಯಾಪ್‌ಗೆ ಹುಟ್ಟುಗುಣವಾಗಿದ್ದ ಬಡಾಯಿಯ ಹಾಡೂ ಅಲ್ಲ. ‘ಸೆಲ್ಫ್ ಡಿಸ್ಟ್ರಕ್ಷನ್’ ಅದರ ಹೆಸರು. ಹದಿನಾಲ್ಕು ದನಿಗಳು ಸರದಿಯ ಮೇಲೆ ಬಂದು ತಮ್ಮದೇ ಕೇಳುಗರಿಗೆ, ನೀವು ನಿಮ್ಮನ್ನೇ ಕೊಂದುಕೊಳ್ಳುತ್ತಿದ್ದೀರಿ ಎಂದು ಹೇಳುವ ಹಾಡು. ರೆಕಾರ್ಡಿನ ಮೇಲೆ ಇದ್ದದ್ದು ಯಾವ ತಂಡದ ಹೆಸರೂ ಅಲ್ಲ, ‘ಸ್ಟಾಪ್ ದ ವಯಲೆನ್ಸ್ ಮೂವ್‌ಮೆಂಟ್’ ಎಂಬ ಚಳವಳಿಯದು. ಬರುವ ಹಣ ‘ನ್ಯಾಷನಲ್ ಅರ್ಬನ್ ಲೀಗ್’ ಎಂಬ, 1910ರಿಂದ ಕಪ್ಪುಜನರ ಉದ್ಯೋಗ, ಶಿಕ್ಷಣಕ್ಕಾಗಿ ದುಡಿಯುತ್ತಿದ್ದ ಸಂಸ್ಥೆಗೆ. ಹತ್ತು ವಾರ ಅದು ಆ ಜಾಗ ಬಿಟ್ಟು ಕದಲಲಿಲ್ಲ.

ಬುದ್ಧಿವಾದದ ಹಾಡನ್ನು ಜನ ದುಡ್ಡು ಕೊಟ್ಟು ಕೊಳ್ಳುವುದು ಅಪರೂಪ. ಇದನ್ನು ಕೊಂಡರು. ಯಾಕೆ ಎಂದು ತಿಳಿಯಬೇಕಾದರೆ ನ್ಯೂಯಾರ್ಕ್‌ನ ಉತ್ತರ ತುದಿಯ ಬ್ರಾಂಕ್ಸ್‌ಗೆ ಹೋಗಬೇಕು. ಅದೂ ಹದಿನೆಂಟು ವರ್ಷ ಹಿಂದಕ್ಕೆ.

ಬ್ರಾಂಕ್ಸ್‌ನ ಹೊಟ್ಟೆಯನ್ನು ಸೀಳಿಕೊಂಡು ಹೆದ್ದಾರಿ ಹಾಕಿದ್ದರು. ಕಾರ್ಖಾನೆಗಳು ಊರು ಬಿಟ್ಟವು, ಅನುಕೂಲವಂತರು ಮನೆ ಬಿಟ್ಟರು, ಉಳಿದ ಬಡವರ ಕಟ್ಟಡಗಳಿಗೆ ವಿಮೆಯ ಹಣದಾಸೆಗೆ ಮಾಲೀಕರೇ ಬೆಂಕಿ ಇಡಿಸಿದ ಪ್ರಕರಣಗಳೂ ನಡೆದವು. ಬೀದಿ ಬೀದಿಗೊಂದು ಹುಡುಗರ ಗ್ಯಾಂಗು. ಅವುಗಳಲ್ಲಿ ‘ಘೆಟ್ಟೋ ಬ್ರದರ್ಸ್’ ಎಂಬ ಗುಂಪು ಗಿಟಾರು ಬಾರಿಸುತ್ತಿತ್ತು, ರಾಜಕೀಯ ಮಾತಾಡುತ್ತಿತ್ತು, ತನ್ನೊಳಗೆ ‘ಶಾಂತಿ ಸಲಹೆಗಾರ’ ಎಂಬ ಹುದ್ದೆಯನ್ನೂ ಇಟ್ಟುಕೊಂಡಿತ್ತು. ಆ ಹುದ್ದೆಯಲ್ಲಿದ್ದ ಬ್ಲ್ಯಾಕ್ ಬೆಂಜಿ ಎಂಬ ಯುವಕ 1971ರ ಡಿಸೆಂಬರ್ ಮೊದಲ ವಾರದಲ್ಲಿ ಗ್ಯಾಂಗುಗಳ ನಡುವಿನ ಜಗಳ ನಿಲ್ಲಿಸಲು ಹೋದ. ಅವನನ್ನೇ ಹೊಡೆದು ಕೊಂದರು. ಈಗ ರಕ್ತದ ಹೊಳೆ ಹರಿಯುತ್ತದೆ ಎಂದು ಪೊಲೀಸರೂ ಪತ್ರಿಕೆಯವರೂ ಕಾದರು. ಹರಿಯಲಿಲ್ಲ. ಬೆಂಜಿಯ ಗೆಳೆಯರು ಸೇಡು ಬೇಡವೆಂದರು. ಡಿಸೆಂಬರ್ 8ರಂದು ಹೋ ಅವೆನ್ಯೂದ ಮಕ್ಕಳ ಕ್ಲಬ್ಬೊಂದರಲ್ಲಿ ಹತ್ತಾರು ಗ್ಯಾಂಗುಗಳು ಸೇರಿ ಕದನವಿರಾಮಕ್ಕೆ ಒಪ್ಪಿದವು.

ಆ ಒಪ್ಪಂದ ಶಾಶ್ವತವಾಗಿ ನಿಂತಿತೆಂದು ಯಾರೂ ಹೇಳುವುದಿಲ್ಲ. ಆದರೆ ಒಂದು ಬೀದಿಯ ಹುಡುಗ ಇನ್ನೊಂದು ಬೀದಿಗೆ ಜೀವ ಕೈಯಲ್ಲಿ ಹಿಡಿಯದೆ ಹೋಗಿಬರುವುದು ಸಾಧ್ಯವಾಯಿತು. ಹಾಗೆ ಹೋಗಿಬರಲಾದ್ದರಿಂದಲೇ ಪಾರ್ಟಿಗಳು ನಡೆದವು. 1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂದ ಒಂದು ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ತಂಗಿಯ ಜೊತೆ ಸೇರಿ ಏರ್ಪಡಿಸಿದ ಪಾರ್ಟಿಯನ್ನು ರ‍್ಯಾಪ್‌ನ ಮೂಲವಾದ ಹಿಪ್ ಹಾಪ್‌ನ ಹುಟ್ಟುದಿನ ಎನ್ನುತ್ತಾರೆ. ನನಗೆ ಕೇಳಿದರೆ ಆ ಹುಟ್ಟುದಿನಕ್ಕೆ ಎರಡು ವರ್ಷ ಮೊದಲಿನ ಆ ಡಿಸೆಂಬರ್‌ನ ಸಭೆಯನ್ನು ಬಿಟ್ಟು ಹಿಪ್ ಹಾಪ್‌ನ ಕಥೆ ಹೇಳಲಾಗದು. ಮುಷ್ಟಿಯಲ್ಲಿ ತೀರುತ್ತಿದ್ದ ಪೈಪೋಟಿ ಮೈಕಿಗೆ, ಕುಣಿತಕ್ಕೆ, ಗೋಡೆಬರಹಕ್ಕೆ ಬಂತು.

1980ರ ದಶಕದ ನಡುವಿನಲ್ಲಿ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಕೊಕೇನನ್ನು ಸೋಡಾಪುಡಿ ಹಾಕಿ ಕುದಿಸಿ, ಗಟ್ಟಿಮಾಡಿ, ಹರಳು ಹರಳಾಗಿ ಕೆಲವೇ ಡಾಲರಿಗೆ ಮಾರುವ ‘ಕ್ರ್ಯಾಕ್’ ಬಂತು. ಮಾರುವ ಮೂಲೆಗಾಗಿ ಜಗಳ, ಜಗಳಕ್ಕೆ ಬಂದೂಕು. 1986ರಲ್ಲಿ ಸರ್ಕಾರ ತಂದ ಕಾನೂನು ಐದು ಗ್ರಾಂ ಕ್ರ್ಯಾಕ್ ಇಟ್ಟುಕೊಂಡು ಮಾರುವವನಿಗೆ ಕನಿಷ್ಠ ಐದು ವರ್ಷ ಜೈಲು ಎಂದಿತು. ಅದೇ ಶಿಕ್ಷೆ ಬೀಳಬೇಕಾದರೆ ಪುಡಿ ಕೊಕೇನ್ 500 ಗ್ರಾಂ ಇರಬೇಕಿತ್ತು. ಪುಡಿಯ ಗಿರಾಕಿಗಳು ಯಾರು, ಹರಳಿನ ಗಿರಾಕಿಗಳು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಇದೇ ಹೊತ್ತಿನಲ್ಲಿ ಬ್ರಾಂಕ್ಸ್‌ನ ಫ್ರಾಂಕ್ಲಿನ್ ಅವೆನ್ಯೂದಲ್ಲಿದ್ದ, ಮನೆಯಿಲ್ಲದ ಗಂಡಸರ ತಂಗುದಾಣದಲ್ಲಿ ಇಬ್ಬರು ಎದುರಾದರು. ಒಬ್ಬ ಲಾರೆನ್ಸ್ ಪಾರ್ಕರ್. ಹರೆಯದಲ್ಲೇ ಮನೆ ಬಿಟ್ಟು ಬಂದವನು, ಗ್ರಂಥಾಲಯಗಳಲ್ಲಿ ಓದಿಕೊಂಡವನು, ಗೋಡೆಗಳ ಮೇಲೆ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದವನು. ಹರೇ ಕೃಷ್ಣ ಪಂಥದವರ ಮಾತುಗಳಲ್ಲಿ ಆಸಕ್ತಿ ತೋರಿದ್ದಕ್ಕೆ ಅಲ್ಲಿಯವರು ಅವನನ್ನು ‘ಕೃಷ್ಣ’ ಎಂದೇ ಕರೆಯುತ್ತಿದ್ದರು. ಅದು ಮೊಟಕಾಗಿ ‘ಕ್ರಿಸ್’ ಆಯಿತು, ಗೋಡೆಯ ಮೇಲೆ ‘ಕೆಆರ್‌ಎಸ್ ಒನ್’ ಆಯಿತು. ನಮಗೆ ಕೆಆರ್‌ಎಸ್ ಎಂದರೆ ಕನ್ನಂಬಾಡಿ ಕಟ್ಟೆ. ಬ್ರಾಂಕ್ಸ್‌ನವರಿಗೆ ಈ ಕೃಷ್ಣ. ಇನ್ನೊಬ್ಬ ಸ್ಕಾಟ್ ಸ್ಟರ್ಲಿಂಗ್, ಅದೇ ತಂಗುದಾಣದ ನೌಕರ. ವರ್ಮಾಂಟ್‌ನ ಕಾಲೇಜಿನಲ್ಲಿ ಓದಿ, ಬ್ಯಾಸ್ಕೆಟ್‌ಬಾಲ್ ಆಡಿ ಬಂದಿದ್ದ. ಹಗಲು ಸಮಾಜಕಾರ್ಯಕರ್ತ, ರಾತ್ರಿ ಡಿಜೆ ಸ್ಕಾಟ್ ಲಾ ರಾಕ್. ಇಬ್ಬರೂ ಮೊದಲು ಜಗಳವಾಡಿದರು, ಆಮೇಲೆ ಗೆಳೆಯರಾದರು. ತಂಗುದಾಣದ ಕಾವಲುಗಾರನೊಬ್ಬನ ಸೋದರಸಂಬಂಧಿ, ಡೆರಿಕ್ ಜೋನ್ಸ್ ಎಂಬ ಹುಡುಗ, ಮೂರನೆಯವನಾಗಿ ಸೇರಿಕೊಂಡ. ಬಾಯಲ್ಲೇ ತಾಳ ಹಾಕುವುದರಲ್ಲಿ ಗಟ್ಟಿಗ. ಅವನಿಗೆ ಡಿ-ನೈಸ್ ಎಂಬ ಹೆಸರು ಬಂತು. ತಂಡಕ್ಕೆ ‘ಬೂಗಿ ಡೌನ್ ಪ್ರೊಡಕ್ಷನ್ಸ್’.

1987ರ ಮಾರ್ಚ್‌ನಲ್ಲಿ ಬಂದ ಇವರ ಮೊದಲ ಆಲ್ಬಂ ‘ಕ್ರಿಮಿನಲ್ ಮೈಂಡೆಡ್’ನ ಮುಖಪುಟದಲ್ಲಿ ಕೆಆರ್‌ಎಸ್ ಮತ್ತು ಸ್ಕಾಟ್ ಆಯುಧ ಹಿಡಿದು ಕೂತಿದ್ದಾರೆ. ಹಾಡುಗಳಲ್ಲಿ ಬಂದೂಕಿದೆ, ಮಾದಕದ್ರವ್ಯ ಮಾರುವವರ ಕಥೆಯಿದೆ, ಹಿಪ್ ಹಾಪ್ ಹುಟ್ಟಿದ್ದು ಬ್ರಾಂಕ್ಸ್‌ನಲ್ಲೋ ಕ್ವೀನ್ಸ್‌ನಲ್ಲೋ ಎಂಬ ವಿಷಯಕ್ಕೆ ಕ್ವೀನ್ಸ್‌ನ ಎಂಸಿ ಶಾನ್ ಮತ್ತು ಸಂಗಡಿಗರನ್ನು ಹಾಡಿನಲ್ಲೇ ಹಣಿದ ಕಾಳಗವೂ ಇದೆ. ಬ್ರಾಂಕ್ಸ್‌ನ ಈ ಮೂವರ ಬಗ್ಗೆ ಊರೆಲ್ಲ ಮಾತಾಡಿಕೊಂಡಿತು. ದೊಡ್ಡ ಕಂಪನಿಗಳ ಜೊತೆ ಮಾತುಕತೆ ಶುರುವಾಯಿತು.

ಆಗಸ್ಟ್ ಕೊನೆಯ ವಾರ ಡಿ-ನೈಸ್‌ಗೆ ಒಂದು ತಂಟೆ ಬಂತು. ಒಬ್ಬ ಹುಡುಗಿಯ ವಿಷಯಕ್ಕೆ ಕೆಲವರು ಅವನನ್ನು ಬೆದರಿಸಿದ್ದರು. ಅವನಿಗಾಗ ಹದಿನೇಳು. ಅವನು ಸ್ಕಾಟ್‌ಗೆ ಹೇಳಿಕೊಂಡ. ಸ್ಕಾಟ್ ಇಂಥ ಜಗಳಗಳನ್ನು ತಂಗುದಾಣದಲ್ಲಿ ದಿನಾ ಬಿಡಿಸುತ್ತಿದ್ದವನೇ. ಮಾತಾಡಿ ಮುಗಿಸೋಣ ಎಂದು ನಾಲ್ಕು ಜನರನ್ನು ಕಟ್ಟಿಕೊಂಡು ಹೈಬ್ರಿಜ್‌ನ ಸರ್ಕಾರಿ ವಸತಿಗೆ ಹೋದ. ಜೀಪಿನಲ್ಲಿದ್ದಾಗಲೇ ಗುಂಡು ಹಾರಿತು. 1987ರ ಆಗಸ್ಟ್ 27ರಂದು ಸ್ಕಾಟ್ ಲಾ ರಾಕ್ ಸತ್ತಾಗ ಅವನಿಗೆ ಇಪ್ಪತ್ತೈದು ವರ್ಷ. ಮೊದಲ ಆಲ್ಬಂ ಬಂದು ಆರು ತಿಂಗಳಾಗಿತ್ತಷ್ಟೆ.

ಹದಿನಾರು ವರ್ಷದ ಹಿಂದೆ ಬೆಂಜಿ ಸತ್ತದ್ದೂ ಹೀಗೆಯೇ, ಜಗಳ ಬಿಡಿಸಲು ಹೋಗಿ. ಈ ಹೋಲಿಕೆ ಆಗ ಎಷ್ಟು ಜನರಿಗೆ ಹೊಳೆಯಿತೋ, ಕೆಆರ್‌ಎಸ್ ಮಾಡಿದ್ದು ಮಾತ್ರ ಬೆಂಜಿಯ ಗೆಳೆಯರು ಮಾಡಿದ್ದನ್ನೇ. ಬಂದೂಕು ಹಿಡಿದು ಮುಖಪುಟಕ್ಕೆ ಕೂತಿದ್ದವನು ಸೇಡಿಗೆ ಇಳಿಯುತ್ತಾನೆ ಎಂದು ನೋಡುವವರು ನೋಡಿದರೆ, ಅವನು ತಂಡವನ್ನು ಮುಚ್ಚದೆ ಇನ್ನೊಂದು ಆಲ್ಬಂ ಕಟ್ಟಿದ. 1988ರ ಆ ಆಲ್ಬಂ ‘ಬೈ ಆಲ್ ಮೀನ್ಸ್ ನೆಸೆಸರಿ’. ಮುಖಪುಟದಲ್ಲಿ ಮತ್ತೆ ಬಂದೂಕು, ಆದರೆ ಈ ಸಲ ಕಪ್ಪುಜನರ ನಾಯಕ ಮಾಲ್ಕಂ ಎಕ್ಸ್ ಕಿಟಕಿಯ ಪರದೆ ಸರಿಸಿ ಕೈಯಲ್ಲಿ ಬಂದೂಕು ಹಿಡಿದು ಹೊರಗೆ ನೋಡುತ್ತಿರುವ ಪ್ರಸಿದ್ಧ ಫೋಟೋದ ಭಂಗಿ. ಒಳಗಿನ ಹಾಡುಗಳಲ್ಲಿ ಒಂದು ‘ಸ್ಟಾಪ್ ದ ವಯಲೆನ್ಸ್’. ಆಯುಧ ಕೆಳಗಿಟ್ಟು ಶಾಂತಿ ಹೇಳುವ ಸಂತನಲ್ಲ ಇವನು. ಆಯುಧ ಹಿಡಿದೇ ಶಾಂತಿ ಹೇಳಿದ. ಈ ವಿರೋಧಾಭಾಸ ಅವನನ್ನು ಮುಂದೆಯೂ ಬಿಡಲಿಲ್ಲ.

ಒಬ್ಬ ಗೆಳೆಯನ ಸಾವು ಒಂದು ಹಾಡಾಗಬಹುದು. ಅದು ಹಲವರ ಹಾಡಾಗಲು ಇನ್ನೊಂದು ಸಾವು ಬೇಕಾಯಿತು. 1988ರ ಸೆಪ್ಟೆಂಬರ್‌ನಲ್ಲಿ ಲಾಂಗ್ ಐಲೆಂಡ್‌ನ ನ್ಯಾಸೊ ಕೊಲೀಸಿಯಂನಲ್ಲಿ ರ‍್ಯಾಪ್ ಕಾರ್ಯಕ್ರಮ ನಡೆಯುತ್ತಿದ್ದಾಗ ಚಿನ್ನದ ಸರ, ಒಡವೆ ಕಿತ್ತುಕೊಳ್ಳಲು ನುಗ್ಗಿದ ಗುಂಪೊಂದು ಹತ್ತೊಂಬತ್ತರ ಯುವಕನನ್ನು ಇರಿದು ಕೊಂದಿತು. ಎರಡು ವರ್ಷ ಮೊದಲು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ರನ್-ಡಿಎಂಸಿ ಕಾರ್ಯಕ್ರಮಕ್ಕೆ ಗ್ಯಾಂಗುಗಳು ನುಗ್ಗಿ ಹತ್ತಾರು ಜನರಿಗೆ ಗಾಯವಾದಾಗಲೇ ಪತ್ರಿಕೆಗಳು ತೀರ್ಪು ಕೊಟ್ಟಾಗಿತ್ತು. ಈಗ ಅದು ಖಾಯಂ ಆಯಿತು: ರ‍್ಯಾಪ್ ಇದ್ದಲ್ಲಿ ರಕ್ತ. ದರೋಡೆ ಎಂಬ ಮಾತು ಹಿಂದೆ ಸರಿದು ಸಂಗೀತವೇ ಅಪರಾಧಿಯಾಯಿತು. ಇದರ ಪೆಟ್ಟು ಬರೀ ಮಾನಕ್ಕೆ ಬೀಳಲಿಲ್ಲ, ಹೊಟ್ಟೆಗೂ ಬಿತ್ತು. ಸಭಾಂಗಣದವರು ಬಾಗಿಲು ಹಾಕಿಕೊಂಡರು. ಬಾಗಿಲು ತೆರೆದವರಿಗೆ ವಿಮಾ ಕಂಪನಿಗಳು ರಕ್ಷಣೆ ಕೊಡಲು ಹಿಂಜರಿದವು, ಕೊಟ್ಟರೂ ಕೈಗೆಟುಕದ ದರ ಹೇಳಿದವು. ವಿಮೆ ಇಲ್ಲದೆ ಅಮೆರಿಕದಲ್ಲಿ ದೊಡ್ಡ ಕಾರ್ಯಕ್ರಮ ನಡೆಸಲಾಗದು. ರೇಡಿಯೊದಲ್ಲಿ ಮೊದಲೇ ಜಾಗ ಕಡಿಮೆ, ಕಪ್ಪುಜನರ ಸ್ಟೇಷನ್‌ಗಳು ಕೂಡ ಹಗಲಲ್ಲಿ ರ‍್ಯಾಪ್ ಹಾಕಲು ಮುಜುಗರಪಡುತ್ತಿದ್ದವು. ಊರೂರು ತಿರುಗಿ ಹಾಡುವುದೂ ನಿಂತರೆ ರ‍್ಯಾಪರ್‌ಗೆ ಬದುಕೇ ಇಲ್ಲ.

ಆಗ ಕಣಕ್ಕೆ ಇಳಿದವರು ಹಾಡುಗಾರರಲ್ಲ, ಒಬ್ಬ ಪತ್ರಕರ್ತ ಮತ್ತು ಒಬ್ಬ ಕಂಪನಿ ಅಧಿಕಾರಿ. ನೆಲ್ಸನ್ ಜಾರ್ಜ್ ‘ಬಿಲ್‌ಬೋರ್ಡ್’ನಲ್ಲಿ ಕಪ್ಪು ಸಂಗೀತದ ವಿಭಾಗ ನೋಡಿಕೊಳ್ಳುತ್ತಿದ್ದವರು, ಬ್ರೂಕ್ಲಿನ್‌ನವರು, ರ‍್ಯಾಪ್ ಬಗ್ಗೆ ಗಂಭೀರವಾಗಿ ಬರೆದ ಮೊದಲಿಗರಲ್ಲಿ ಒಬ್ಬರು. ಆ್ಯನ್ ಕಾರ್ಲಿ ಜೈವ್ ರೆಕಾರ್ಡ್ಸ್‌ನಲ್ಲಿ ಕಲಾವಿದರ ಬೆಳವಣಿಗೆಯ ಹೊಣೆ ಹೊತ್ತವರು. ಸ್ಕಾಟ್ ಸತ್ತ ಮೇಲೆ ಬೂಗಿ ಡೌನ್ ಪ್ರೊಡಕ್ಷನ್ಸ್ ಸೇರಿದ್ದು ಇದೇ ಕಂಪನಿಯನ್ನು. ಖಂಡನೆ, ಹೇಳಿಕೆ ಕೊಟ್ಟು ಸುಮ್ಮನಾಗುವುದಕ್ಕಿಂತ ಎಲ್ಲರೂ ಸೇರಿ ಒಂದು ಹಾಡು ಮಾಡಿದರೆ ಹೇಗೆ ಎಂಬ ಯೋಚನೆ ಇವರ ಮಾತುಕತೆಯಿಂದ ಬಂತು. ಚಳವಳಿಯ ಹೆಸರನ್ನು ಕೆಆರ್‌ಎಸ್‌ನ ಹಳೆಯ ಹಾಡು ಕೊಟ್ಟಿತ್ತು. ಮುಂದೆ ನಿಲ್ಲುವ ಮನುಷ್ಯನೂ ಅವನೇ.

ಹಲವರು ಕೂಡಿ ಹಾಡುವ ದಾನದ ಹಾಡಿಗೆ ಮೇಲ್ಪಂಕ್ತಿ ಇತ್ತು. 1985ರ ‘ವಿ ಆರ್ ದ ವರ್ಲ್ಡ್’ ಇಥಿಯೋಪಿಯದ ಬರಕ್ಕೆ, ಅದೇ ವರ್ಷದ ‘ಸನ್ ಸಿಟಿ’ ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ. ‘ಸನ್ ಸಿಟಿ’ಯಲ್ಲಿ ರ‍್ಯಾಪರ್‌ಗಳೂ ಇದ್ದರು. ಆದರೆ ಅವೆಲ್ಲ ದೂರದ ಊರಿನ ಸಂಕಟಕ್ಕೆ ಮಿಡಿದ ಹಾಡುಗಳು. ಮಿಡಿಯುವವನು ಮೇಲೆ, ಸಂಕಟಪಡುವವನು ಕೆಳಗೆ. ‘ಸೆಲ್ಫ್ ಡಿಸ್ಟ್ರಕ್ಷನ್’ನಲ್ಲಿ ಆ ಅಂತರ ಇರಲಿಲ್ಲ. ಹಾಡುವವನ ಬೀದಿಯೂ ಸಾಯುವವನ ಬೀದಿಯೂ ಒಂದೇ.

ಸೇರಿಸುವುದು ಸುಲಭವೇನೂ ಆಗಿರಲಿಲ್ಲ. ರ‍್ಯಾಪ್ ಎಂದರೆ ನಾನೇ ಮೇಲು ಎಂದು ಸಾಧಿಸುವ ಕಲೆ; ಹದಿನಾಲ್ಕು ಜನ ‘ನಾನೇ ಮೇಲು’ಗಳನ್ನು ಒಂದೇ ಮೈಕಿನ ಮುಂದೆ ಸಾಲಾಗಿ ನಿಲ್ಲಿಸಬೇಕು. ಅವರದೆಲ್ಲ ಬೇರೆ ಬೇರೆ ಕಂಪನಿಗಳ ಕರಾರು. ಕೆಆರ್‌ಎಸ್, ಕೂಲ್ ಮೋ ಡೀ ಜೈವ್‌ನವರು. ಚಕ್ ಡಿ, ಫ್ಲೇವರ್ ಫ್ಲೇವ್ ಡೆಫ್ ಜ್ಯಾಮ್‌ನವರು. ಸ್ಟೆಟ್ಸಾಸಾನಿಕ್ ತಂಡದ ಡ್ಯಾಡಿ-ಓ, ಡಿಲೈಟ್, ವೈಸ್, ಫ್ರುಕ್ವಾನ್ ಟಾಮಿ ಬಾಯ್‌ನವರು. ಹೆವಿ ಡಿ ಅಪ್‌ಟೌನ್‌ನವನು. ಎಂಸಿ ಲೈಟ್ ಫಸ್ಟ್ ಪ್ರಯಾರಿಟಿಯವಳು. ಇವರ ಜೊತೆಗೆ ಡಗ್ ಇ. ಫ್ರೆಶ್, ಜಸ್ಟ್-ಐಸ್, ಕೆಆರ್‌ಎಸ್‌ನ ಹೆಂಡತಿ ಮಿಸ್ ಮೆಲಡಿ, ಮತ್ತು ಡಿ-ನೈಸ್. ತಮ್ಮ ಕಲಾವಿದ ಇನ್ನೊಬ್ಬರ ಹೆಸರಿನ ರೆಕಾರ್ಡಿನಲ್ಲಿ ಬಿಟ್ಟಿ ಹಾಡಲು ಕಂಪನಿಗಳು ಒಪ್ಪಬೇಕಿತ್ತು. ಒಪ್ಪಿದವು.

ಇನ್ನೊಂದು ತಮಾಷೆ ಇದೆ. ಕೂಲ್ ಮೋ ಡೀಗೂ ಎಲ್‌ಎಲ್ ಕೂಲ್ ಜೆಗೂ ಆಗ ಹಾಡಿನಲ್ಲಿ ಜೋರು ಕಾಳಗ ನಡೆಯುತ್ತಿತ್ತು. ಎಲ್‌ಎಲ್ ಈ ಹಾಡಿನಲ್ಲಿ ಇಲ್ಲ. ಆದರೆ ಎಂಸಿ ಲೈಟ್ ಹಾಡಿದ ಭಾಗವನ್ನು ಬರೆದುಕೊಟ್ಟವನು ಅವನೇ ಎಂಬ ಮಾತು ಹಿಪ್ ಹಾಪ್ ವಲಯದಲ್ಲಿ ಬಹುಕಾಲದಿಂದ ಇದೆ. ಕೂಲ್ ಮೋ ಡೀಯ ಸರದಿ ಮುಗಿದ ಕೂಡಲೇ ಬರುವುದು ಲೈಟ್‌ಳ ಸರದಿ. ಆ ಮಾತು ನಿಜವಾದರೆ ವೈರಿಗಳಿಬ್ಬರೂ ಒಂದೇ ಹಾಡಿನಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ನಿಂತಂತಾಯಿತು.

ಹಾಡಿನ ಸಂಗೀತ ಕಟ್ಟಿದವರು ಕೆಆರ್‌ಎಸ್ ಮತ್ತು ಡಿ-ನೈಸ್. ಇದನ್ನು ನಿಂತು ಗಮನಿಸಬೇಕು. ಸ್ಕಾಟ್ ಲಾ ರಾಕ್ ಹೈಬ್ರಿಜ್‌ಗೆ ಹೋದದ್ದು ಈ ಹುಡುಗನ ಜಗಳ ಬಿಡಿಸಲು. ಹದಿನೇಳರಲ್ಲಿ ಆ ಭಾರ ಹೊತ್ತವನು ಹದಿನೆಂಟರಲ್ಲಿ, ಬೀದಿ ಜಗಳಕ್ಕೆ ಸಾಯಬೇಡಿ ಎಂಬ ಹಾಡಿಗೆ ಬೀಟ್ ಕಟ್ಟಿದ. ಹಾಡಿನೊಳಗೆ ಅವನಿಗೊಂದು ಸರದಿಯೂ ಇದೆ. ಇಂಥದ್ದನ್ನು ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಎನ್ನುತ್ತೇವೆ.

ಹಾಡು ಮಾಲ್ಕಂ ಎಕ್ಸ್‌ನ ಭಾಷಣದ ತುಣುಕಿನಿಂದ ಶುರುವಾಗುತ್ತದೆ. ಕೆಆರ್‌ಎಸ್ ಮೇಷ್ಟ್ರಂತೆ ಇವತ್ತಿನ ವಿಷಯ ಇಂಥದ್ದು ಎಂದು ಹೇಳಿ ತೆರೆ ಎತ್ತುತ್ತಾನೆ. ಪುಂಡರು ಕೇಳುಗರಲ್ಲ, ನುಗ್ಗಿಬರುವ ಬೆರಳೆಣಿಕೆಯವರು ಎಂದು ಮೊದಲೇ ಸ್ಪಷ್ಟಮಾಡುತ್ತಾನೆ. ಆಮೇಲೆ ಒಬ್ಬರ ಹಿಂದೊಬ್ಬರು. ಕೂಲ್ ಮೋ ಡೀ ಕಪ್ಪುಜನರನ್ನು ಕಾಡಿದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್‌ನ ಹೆಸರೆತ್ತಿ, ಅದಕ್ಕೇ ಹೆದರಿ ಓಡದ ತಾನು ತನ್ನವನಿಗೇ ಹೆದರಿ ಓಡಬೇಕೇ ಎಂದು ಕೇಳುತ್ತಾನೆ. ಲೈಟ್ ಕಥೆಗಾತಿಯಂತೆ ಚುರುಕು. ಹೆವಿ ಡಿಯದು ನಗುಮುಖದ ಬುದ್ಧಿಮಾತು. ಕೊನೆಗೆ ಚಕ್ ಡಿಯ ಗುಡುಗು, ಪಕ್ಕದಲ್ಲಿ ಫ್ಲೇವರ್ ಫ್ಲೇವ್‌ನ ಕೀಟಲೆ. ಸರದಿಗಳ ನಡುವೆ ಹಾಡಿನ ಹೆಸರೇ ಪಲ್ಲವಿಯಾಗಿ ಮರಳುತ್ತದೆ. ಸಂಗೀತವಾಗಿ ನೋಡಿದರೆ ಇವರಲ್ಲಿ ಯಾರದೂ ಇದು ಅತ್ಯುತ್ತಮ ಕೆಲಸವಲ್ಲ. ಅದೇ ವರ್ಷ ಚಕ್ ಡಿಯ ತಂಡ ಪಬ್ಲಿಕ್ ಎನಿಮಿ ಮಾಡಿದ ‘ಫೈಟ್ ದ ಪವರ್’ ಪಕ್ಕದಲ್ಲಿ ಇಟ್ಟರೆ ಇದು ಸಭೆಯ ಠರಾವಿನಂತೆ ಕೇಳಬಹುದು. ಆದರೆ ಠರಾವಿಗೂ ಒಂದು ಕಾಲ ಬರುತ್ತದೆ.

1989ರ ಆರಂಭದಲ್ಲಿ ಜೈವ್ ಇದನ್ನು ಬಿಡುಗಡೆ ಮಾಡಿತು. ಹೊಸ ಪಟ್ಟಿಯ ತುದಿಯಲ್ಲಿ ಹತ್ತು ವಾರ ಕೂತದ್ದು ಆಗಲೇ ಹೇಳಿದೆ. ಹಿಂದಿನ ಬೇಸಿಗೆಯಷ್ಟೇ ಶುರುವಾಗಿದ್ದ ‘ಯೋ! ಎಂಟಿವಿ ರ‍್ಯಾಪ್ಸ್’ ಕಾರ್ಯಕ್ರಮ ವಿಡಿಯೊವನ್ನು ದೇಶದ ಮೂಲೆ ಮೂಲೆಗೆ ಮುಟ್ಟಿಸಿತು. ರ‍್ಯಾಪನ್ನು ಮನೆಯೊಳಗೆ ಬಿಟ್ಟುಕೊಳ್ಳದ ಅಪ್ಪ ಅಮ್ಮಂದಿರು, ಮೇಷ್ಟರು, ಪಾದ್ರಿಗಳು ಒಪ್ಪಬಲ್ಲ ರ‍್ಯಾಪ್ ಹಾಡು ಇದಾಯಿತು. ಕೆಆರ್‌ಎಸ್ ವಿಶ್ವವಿದ್ಯಾಲಯಗಳಲ್ಲಿ ಭಾಷಣಕ್ಕೆ ಹೊರಟ. ಆ ಸೆಪ್ಟೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಅವನ ಲೇಖನ ಪ್ರಕಟಿಸಿತು. ಬಡ ಬಡಾವಣೆಯ ಮಕ್ಕಳಿಗೆ ಅವರ ಚರಿತ್ರೆ ಕಲಿಸದ ಶಾಲೆಯ ಬಗ್ಗೆ ಬರೆದಿದ್ದ. ಐದಾರು ವರ್ಷದ ಹಿಂದೆ ಅದೇ ನಗರದ ತಂಗುದಾಣಗಳಲ್ಲಿ ಮಲಗುತ್ತಿದ್ದವನು. 1990ರಲ್ಲಿ ನೆಲ್ಸನ್ ಜಾರ್ಜ್ ಹಾಡಿನ ಹುಟ್ಟು, ಹಾಡುಗಾರರ ಮಾತು, ಕೊಲೆಗಳ ಅಂಕಿಅಂಶ ಎಲ್ಲ ಸೇರಿಸಿ ಪುಸ್ತಕವನ್ನೇ ಸಂಪಾದಿಸಿದರು.

ಆದರೆ ಪತ್ರಿಕೆಗಳ ಮನಸ್ಸು ಬದಲಾಯಿತೇ? ಹಾಡು ಪಟ್ಟಿಯ ತುದಿಯಲ್ಲಿದ್ದಾಗಲೇ, ಏಪ್ರಿಲ್ 19ರ ರಾತ್ರಿ, ಸೆಂಟ್ರಲ್ ಪಾರ್ಕ್‌ನಲ್ಲಿ ಓಡಲು ಹೋಗಿದ್ದ ಬಿಳಿ ಹೆಂಗಸಿನ ಮೇಲೆ ಭೀಕರ ಅತ್ಯಾಚಾರ ನಡೆಯಿತು. ಹಾರ್ಲೆಮ್ ಕಡೆಯ ಐವರು ಕಪ್ಪು, ಲ್ಯಾಟಿನೊ ಹುಡುಗರನ್ನು ಹಿಡಿದರು. ಅವರ ಬಾಯಲ್ಲಿ ಯಾವ ರ‍್ಯಾಪ್ ಹಾಡಿತ್ತು ಎಂದು ಪತ್ರಿಕೆಗಳು ಬರೆದವು. ಹದಿನಾಲ್ಕು ಜನ ಸೇರಿ ಹಾಡಿದ್ದನ್ನು ಒಂದೇ ವಾರ ಅಳಿಸಿಹಾಕಿತು. ಆ ಹುಡುಗರು ಜೈಲಿನಲ್ಲಿ ವರ್ಷಗಟ್ಟಲೆ ಕಳೆದ ಮೇಲೆ, ನಿಜವಾದ ಅಪರಾಧಿ ಒಪ್ಪಿಕೊಂಡು, 2002ರಲ್ಲಿ ಅವರ ಮೇಲಿನ ತೀರ್ಪು ರದ್ದಾಯಿತು.

ವಿದ್ವಾಂಸರ ತಕರಾರು ಶುರುವಾಗುವುದು ಇಲ್ಲಿಂದಲೇ. ಟ್ರಿಶಿಯಾ ರೋಸ್ 1994ರ ‘ಬ್ಲ್ಯಾಕ್ ನಾಯ್ಸ್’ ಪುಸ್ತಕದಲ್ಲಿ ಈ ಚಳವಳಿಯನ್ನು ಕಟುವಾಗಿಯೇ ಪರೀಕ್ಷಿಸಿದ್ದಾರೆ. ಕಪ್ಪುಜನರೇ ಕಪ್ಪುಜನರನ್ನು ಕೊಲ್ಲುತ್ತಾರೆ ಎಂಬುದು ಪತ್ರಿಕೆ, ಪೊಲೀಸು, ರಾಜಕಾರಣಿ ಸೇರಿ ಕಟ್ಟಿದ ಮಾತು. ಬಿಳಿಯರೂ ಹೆಚ್ಚಾಗಿ ಬಿಳಿಯರ ಕೈಯಲ್ಲೇ ಸಾಯುತ್ತಾರೆ, ಅದಕ್ಕೆ ಯಾರೂ ಬಣ್ಣದ ಹೆಸರಿಡುವುದಿಲ್ಲ. ಕೆಲಸ ಹೋದದ್ದು, ಮನೆ ಸುಟ್ಟದ್ದು, ಶಾಲೆ ಕೆಟ್ಟದ್ದು ಎಲ್ಲ ಮರೆಗೆ ಸರಿದು, ಹುಡುಗರ ನಡತೆಯೊಂದೇ ಮುಂದೆ ಬರುವಂತೆ ಹಾಡು ಆ ಮಾತನ್ನೇ ತನ್ನದಾಗಿಸಿಕೊಂಡಿತು ಎಂಬುದು ಅವರ ವಾದದ ಸಾರ. ಇನ್ನೊಂದು ಕಡೆ ನೆಲ್ಸನ್ ಜಾರ್ಜ್ ಮತ್ತು ಹಾಡಿದವರು: ಕಾರಣ ಯಾವುದಾದರೂ ಆಗಲಿ, ಸಾಯುತ್ತಿರುವವರು ನಮ್ಮ ಹುಡುಗರು, ಅವರ ಕಿವಿ ನಮ್ಮ ಕಡೆ ಇದೆ, ಆ ಕಿವಿಗೆ ಈಗಲೇ ಏನಾದರೂ ಹೇಳಬೇಕು.

ನನ್ನ ಮಟ್ಟಿಗೆ ರೋಸ್ ಹೇಳಿದ್ದರಲ್ಲಿ ತಪ್ಪಿಲ್ಲ. ಕೂಲ್ ಮೋ ಡೀ ತೆಗೆದ ಕ್ಲಾನ್‌ನ ಹೋಲಿಕೆ ಕೇಳಲು ಚೆನ್ನಾಗಿದೆ, ಚರಿತ್ರೆಯಾಗಿ ಜೊಳ್ಳು. ಕ್ಲಾನ್‌ನ ಹಿಂದೆ ಶೆರಿಫನೂ ನ್ಯಾಯಾಧೀಶನೂ ಇದ್ದರು. ಬ್ರಾಂಕ್ಸ್‌ನ ಮೂಲೆಯಲ್ಲಿ ನಿಂತ ಹುಡುಗನ ಹಿಂದೆ ಯಾರೂ ಇರಲಿಲ್ಲ. ಹಾಡಿನ ನಿಜವಾದ ತೊಡಕೆಂದರೆ ಅದು ಒಂದೇ ಬಾಯಲ್ಲಿ ಇಬ್ಬರ ಜೊತೆ ಮಾತಾಡಲು ಹೊರಟಿತು. ಬೀದಿಯ ಹುಡುಗನಿಗೆ ನಿಲ್ಲಿಸು ಎನ್ನಬೇಕು, ಪತ್ರಿಕೆಯವನಿಗೂ ವಿಮಾ ಕಂಪನಿಗೂ ನಾವು ಅಂಥವರಲ್ಲ ಎನ್ನಬೇಕು. ಎರಡನೆಯ ಕೇಳುಗನಿಗೆ ಹಿತವಾಗಬೇಕಾದ್ದರಿಂದ ಮೊದಲನೆಯವನ ಬದುಕಿನ ಕಾರಣಗಳು ಸೊರಗಿದವು. ಇಷ್ಟಾದರೂ ಹಾಡಿನ ಹೆಸರನ್ನು ಬರೀ ರಾಜಕೀಯ ತಪ್ಪೆಂದು ತಳ್ಳಿಹಾಕಲು ಮನಸ್ಸು ಬಾರದು. ಕೆಆರ್‌ಎಸ್ ಮತ್ತು ಡಿ-ನೈಸ್‌ಗೆ ಹಿಂಸೆ ಎಂದರೆ ಸಮಾಜಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ. ಅವರ ಜೊತೆ ಕೂತು ಹಾಡು ಕಟ್ಟುತ್ತಿದ್ದವನನ್ನು ಅವರದೇ ಊರಿನವರು ಕೊಂದಿದ್ದರು. ಆ ಕೊಲೆಯ ಆರೋಪ ಹೊತ್ತವರು ಮುಂದೆ ಖುಲಾಸೆಯಾದರು.

ಹಾಡು ಬೇರೆ ಕರಾವಳಿಯಲ್ಲೂ ಮೊಳೆಯಿತು. ಲಾಸ್ ಏಂಜಲೀಸ್‌ನಲ್ಲಿ ಕ್ರಿಪ್ಸ್, ಬ್ಲಡ್ಸ್ ಎಂಬ ಗ್ಯಾಂಗುಗಳ ಯುದ್ಧ ನ್ಯೂಯಾರ್ಕ್‌ಗಿಂತ ಘೋರವಾಗಿತ್ತು. ಕ್ರಿಪ್ಸ್‌ನಲ್ಲಿದ್ದು, ಗುಂಡೇಟಿನಿಂದ ಗಾಲಿಕುರ್ಚಿ ಹಿಡಿದ ಮೈಕಲ್ ಕಾನ್ಸೆಪ್ಷನ್ ಅಲ್ಲಿಯ ರ‍್ಯಾಪರ್‌ಗಳನ್ನು ಒಟ್ಟುಗೂಡಿಸಿದ. 1990ರಲ್ಲಿ ‘ವಿ ಆರ್ ಆಲ್ ಇನ್ ದ ಸೇಮ್ ಗ್ಯಾಂಗ್’ ಬಂತು. ಸಂಗೀತ ಡಾ. ಡ್ರೇಯದು, ಐಸ್-ಟಿ, ಟೋನ್ ಲೋಕ್, ಎಂಸಿ ಹ್ಯಾಮರ್, ಎನ್‌ಡಬ್ಲ್ಯುಎ ತಂಡದವರು ಎಲ್ಲ ಹಾಡಿದರು. ಪೊಲೀಸರ ವಿರುದ್ಧದ ಹಾಡಿಗಾಗಿಯೇ ಎಫ್‌ಬಿಐನಿಂದ ಎಚ್ಚರಿಕೆಯ ಪತ್ರ ಪಡೆದಿದ್ದ ಎನ್‌ಡಬ್ಲ್ಯುಎ ಶಾಂತಿಗೀತೆ ಹಾಡಿದ್ದನ್ನು ಕೆಲವರು ನಗೆಯಾಡಿದರು. ಹಾಡಾಗಿ ಅದು ಮೊದಲನೆಯದಕ್ಕಿಂತ ಕಿವಿಗೆ ಚೆಂದ.

ನ್ಯೂಯಾರ್ಕ್‌ನ ಕೊಲೆಗಳ ಲೆಕ್ಕ ಮಾತ್ರ ಯಾವ ಹಾಡಿಗೂ ಕಿವಿಗೊಡಲಿಲ್ಲ. ಹಾಡು ಬಂದ 1989ರಲ್ಲಿ 1,905 ಕೊಲೆ. ಮರುವರ್ಷ 2,245, ನಗರದ ಚರಿತ್ರೆಯಲ್ಲೇ ಅತಿ ಹೆಚ್ಚು. ಆಮೇಲೆ ಇಳಿಯತೊಡಗಿದ್ದಕ್ಕೆ ಪೊಲೀಸರು ಒಂದು ಕಾರಣ ಹೇಳುತ್ತಾರೆ, ಅರ್ಥಶಾಸ್ತ್ರಜ್ಞರು ಇನ್ನೊಂದು, ಕ್ರ್ಯಾಕ್‌ನ ಹುಚ್ಚು ತಾನಾಗಿ ಇಳಿಯಿತು ಎನ್ನುವವರು ಮತ್ತೊಂದು. ಹಾಡಿನ ಹೆಸರನ್ನು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಕೆಆರ್‌ಎಸ್ ಸ್ವತಃ ತನ್ನ ಮಾತಿಗೆ ನಿಲ್ಲಲಿಲ್ಲ. 1992ರ ಜನವರಿಯಲ್ಲಿ ಪಿಎಂ ಡಾನ್ ತಂಡದ ಪ್ರಿನ್ಸ್ ಬಿ ಸಂದರ್ಶನವೊಂದರಲ್ಲಿ ಇವನ ಗುರುಗಿರಿಯನ್ನು ಕೆಣಕಿದ್ದ ಎಂಬ ಸಿಟ್ಟಿಗೆ, ನ್ಯೂಯಾರ್ಕ್‌ನ ಸೌಂಡ್ ಫ್ಯಾಕ್ಟರಿಯಲ್ಲಿ ಅವರ ಕಾರ್ಯಕ್ರಮ ನಡೆಯುತ್ತಿದ್ದಾಗ ವೇದಿಕೆಗೆ ನುಗ್ಗಿ ಪ್ರಿನ್ಸ್ ಬಿಯನ್ನು ಕೆಳಗೆ ತಳ್ಳಿ ಮೈಕು ಕಿತ್ತುಕೊಂಡು ತಾನೇ ಹಾಡಿದ. ಹಿಂಸೆ ನಿಲ್ಲಿಸಿ ಎಂದವನು! ಆಮೇಲೆ ಕ್ಷಮೆ ಕೇಳಿದ. 1996ರಲ್ಲಿ ರ‍್ಯಾಪರ್ ಟುಪಾಕ್, 1997ರಲ್ಲಿ ಇನ್ನೊಬ್ಬ ರ‍್ಯಾಪರ್ ಬಿಗ್ಗಿ ಗುಂಡಿಗೆ ಬಲಿಯಾದಾಗ ‘ಸೆಲ್ಫ್ ಡಿಸ್ಟ್ರಕ್ಷನ್’ ಹಾಡನ್ನು ಮತ್ತೆ ನೆನೆದವರು ಬಹಳ. ಅದರಂಥದ್ದನ್ನು ಮತ್ತೆ ಕಟ್ಟಿ ಹದಿನಾಲ್ಕು ಜನರನ್ನು ಸೇರಿಸುವವರು ಆಗ ಯಾರೂ ಇರಲಿಲ್ಲ. ಕೆಆರ್‌ಎಸ್ 2008ರ ಹೊತ್ತಿಗೆ ‘ಸೆಲ್ಫ್ ಕನ್‌ಸ್ಟ್ರಕ್ಷನ್’ ಎಂಬ ಹೆಸರಿನಲ್ಲಿ ಹೊಸ ತಲೆಮಾರಿನವರನ್ನು ಕೂಡಿಸಿದ. ಅದು ಬಂದದ್ದೇ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಹೆವಿ ಡಿ 2011ರಲ್ಲಿ, ಮಿಸ್ ಮೆಲಡಿ 2012ರಲ್ಲಿ ತೀರಿಕೊಂಡರು. ಡಿ-ನೈಸ್ ಫೋಟೋಗ್ರಾಫರ್ ಆಗಿ, ಮತ್ತೆ ಡಿಜೆ ಆಗಿ ಬೆಳೆದ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಊರೆಲ್ಲ ಬಾಗಿಲು ಹಾಕಿಕೊಂಡಾಗ ತನ್ನ ಮನೆಯಿಂದಲೇ ಇನ್‌ಸ್ಟಾಗ್ರಾಮ್‌ನಲ್ಲಿ ಹಾಡು ಹಾಕುತ್ತ ಕೂತ. ಒಂದು ರಾತ್ರಿ ಲಕ್ಷಕ್ಕೂ ಹೆಚ್ಚು ಜನ, ಮಿಶೆಲ್ ಒಬಾಮಾ ಕೂಡ, ಅದನ್ನು ಕೇಳಲು ಬಂದಿದ್ದರು.

ಈ ಹಾಡನ್ನು ಕೇಳಬೇಕೆನಿಸಿದವರು ಒಂದನ್ನೇ ಕೇಳಬೇಡಿ. ಮೊದಲು 1988ರ ‘ಸ್ಟಾಪ್ ದ ವಯಲೆನ್ಸ್’ ಕೇಳಿ. ಅದರಲ್ಲಿ ಒಬ್ಬನೇ ಮಾತಾಡುತ್ತಾನೆ, ಸರ್ಕಾರದ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆಮೇಲೆ ‘ಸೆಲ್ಫ್ ಡಿಸ್ಟ್ರಕ್ಷನ್’. ಕೊನೆಗೆ ಲಾಸ್ ಏಂಜಲೀಸ್‌ನವರದು. ಇಂಗ್ಲಿಷಿನ ವೇಗ ತೊಡಕಾದರೆ ಹಾಡಿನ ಸಾಲುಗಳನ್ನು ಮುಂದಿಟ್ಟುಕೊಂಡು ಕೇಳಿ. ಪುರುಸೊತ್ತಿದ್ದರೆ ಟ್ರಿಶಿಯಾ ರೋಸ್ ಅವರ ಪುಸ್ತಕದ ನಾಲ್ಕನೆಯ ಅಧ್ಯಾಯವನ್ನೂ ಓದಿ. ಯಾರ ಮಾತು ಸರಿ ಎಂದು ನೀವೇ ತೀರ್ಮಾನಿಸಿ.